ಚೆಂಡುಹೂವಿನ ಸಾಲು

ಟಪ್, ಟಪ್ ಎಂದು ಹಸಿರು ಹುಳುಗಳು ಹಳೇ ಸೀರೆಯ ಮೇಲೆ ಉದುರುವ ಸದ್ದು. ಅದರ ಜೊತೆಗೆ, ಅತ್ತೆ ತೊಗರಿ ಗಿಡ ಹಿಡಿದು ಅಲುಗಿಸುವಾಗಿನ ಎಳೆಗಾಯಿಗಳ ಸರಸರ. ನಿಜಾಮರ ಕಡೆಯ ವರ್ಷಗಳ ಶಹಾಪುರ ಎಂದರೆ ನನಗೆ ಇಂದಿಗೂ ಮೊದಲು ಕೇಳುವುದು ಇದೇ. ಆ ಹುಳುಗಳನ್ನು ತೊಗರಿಗೆ ತಂದವಳು ನಾನು.

ಟೈಫಾಯ್ಡ್ ಬಂದು ಹೈದರಾಬಾದಿನ ಕಾನ್ವೆಂಟಿನಿಂದ ನನ್ನನ್ನು ಮನೆಗೆ ಕಳಿಸಿದ್ದರು. ಅಪ್ಪ ಯಾದಗಿರಿಯಲ್ಲಿ ರೈಲಿಳಿಸಿ, ಚೇತರಿಸಿಕೊಳ್ಳಲಿ ಎಂದು ಶಹಾಪುರದಲ್ಲಿದ್ದ ತಮ್ಮ ತಂಗಿಯ ಮನೆಯಲ್ಲಿ ಬಿಟ್ಟರು. ಅತ್ತೆ ವಿಧವೆ. ಗಂಡನ ಪಾಲಿನ ಹೊಲವನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಸುರಪುರದಿಂದ ಬಂದ ಅವಳ ಭಾವ, ಅಂದರೆ ಗಂಡನ ಅಣ್ಣ, "ಇದೊಂದು ಸುಗ್ಗಿ ನೋಡ್ತೀನಿ. ಬೆಳಿ ಬರಲಿಲ್ಲಂದ್ರ ಹೊಲಾ ನನಗ ಬಿಟ್ಟು, ನಮ್ಮ ಮನ್ಯಾಗ ಅಡಗಿ ಮಾಡ್ಕೊಂತ ಇರಬೇಕು" ಎಂದು ಹೇಳಿ ಹೋಗಿದ್ದರು.

ತೊಗರಿಯ ನಡುನಡುವೆ ಅತ್ತೆ ಚೆಂಡುಹೂವಿನ ಸಾಲು ಹಾಕಿದ್ದಳು. ನಾನು ಅದನ್ನು ಡೆಕೊರೇಶನ್ ಎಂದುಕೊಂಡಿದ್ದೆ. ಒಂದು ದಿನ ಬಗ್ಗಿ ನೋಡಿದರೆ ಹೂವಿನೊಳಗೆಲ್ಲ ಹುಳು. ಪೆಸ್ಟ್ ಕಂಡಲ್ಲಿ ಬುಡಸಮೇತ ಕೀಳಬೇಕೆಂದು ಸಿಸ್ಟರ್ ನೋಟ್‌ಬುಕ್ಕಿನಲ್ಲಿ ಬರೆಸಿದ್ದರು. ಅತ್ತೆ ಸಂತೆಯಿಂದ ಬರುವಷ್ಟರಲ್ಲಿ ಒಂದೂ ಬಿಡದೆ ಕಿತ್ತು ಸುಟ್ಟುಬಿಟ್ಟೆ. ಮೆಡಲ್ ಸಿಗುತ್ತದೆಂದೇ ನಂಬಿದ್ದೆ.

ಅತ್ತೆ ಬೂದಿ ನೋಡಿ ಬದುವಿನ ಮೇಲೆ ಕುಳಿತಳು.

"ನಿಮ್ಮ ಸಿಸ್ಟರಿಗೆ ಹೊಲಾ ಅದ ಏನವ್ವ?"

"ಇಲ್ಲತ್ತಿ."

"ಹಂಗಾದ್ರ ಅಕೀಗೆ ಹೆಂಗ ಗೊತ್ತಾಗಬೇಕು. ಚಿಟ್ಟಿ ವಾಸನಿ ಹಿಡಕೊಂಡು ಬರ್ತದ. ಚೆಂಡುಹೂವಿನ ವಾಸನಿ ಸಿಕ್ರ ಅಲ್ಲೇ ಲಗ್ನ, ಅಲ್ಲೇ ಬಾಣಂತನ. ಆ ಮನಿ ನೀ ಸುಟ್ಟಿ. ಇನ್ನ ಅವೆಲ್ಲಾ ತೊಗರಿಗೆ ಬರ್ತಾವ."

ಬಂದವು. ಹದಿನೈದು ದಿನದಲ್ಲಿ ಎಳೆಗಾಯಿಗಳಲ್ಲಿ ತೂತು. ಅತ್ತೆ ಬೈಯಲಿಲ್ಲ, ಬೆಳಿಗ್ಗೆ ಎಬ್ಬಿಸಿ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಅವಳು ಗಿಡ ಅಲುಗಿಸುವುದು, ನಾನು ಸೀರೆ ಎಳೆಯುವುದು, ಉದುರಿದ್ದೆಲ್ಲ ಕೋಳಿಗೆ. ಕಾಲಲ್ಲಿ ಶಕ್ತಿ ಇರಲಿಲ್ಲ, ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಎಷ್ಟೋ ವರ್ಷಗಳ ನಂತರ ಒಂದು ಮ್ಯಾಗಜೀನಿನಲ್ಲಿ ಓದಿದೆ: ಗಿಡ ಗಾಳಿಗೆ ಬಿಡುವ ಕೆಮಿಕಲ್ ತಗುಲಿದ ಮೇಲೆಯೇ ಗಂಡನ್ನು ಕರೆಯುವ ಹೆಣ್ಣು ಪತಂಗಗಳಿವೆಯಂತೆ, ಮೊಟ್ಟೆ ಎಲ್ಲಿಡಬೇಕೆಂದು ಹೇಳುವುದೂ ಆ ವಾಸನೆಯೇ ಅಂತೆ. ಓದಿ ನಕ್ಕೆ. ನನಗಿದು ಹಳೇ ಲೆಸನ್.

ಸುಗ್ಗಿಗೆ ಭಾವ ಬಂದರು. ಅವರು ಕಾಯಿ ಬಿಡಿಸಿ ನೋಡುವ ಮೊದಲೇ ನಾನು ಕನ್ಫೆಸ್ ಮಾಡಿದೆ. "ಹೂವಿನ ಗಿಡಾ ಕಿತ್ತಾಕಿ ನಾನ್ರಿ ಮಾಮಾ. ಅತ್ತೀದು ತಪ್ಪಿಲ್ಲ."

ಅವರು ಹೊಲವನ್ನೆಲ್ಲ ಸುತ್ತಿ ಬಂದರು. ಮೂರರಲ್ಲಿ ಎರಡು ಪಾಲು ಉಳಿದಿತ್ತು.

"ಇಷ್ಟು ಓದಿದಾಕಿ ಮನ್ಯಾಗಿದ್ದೂ ಇಷ್ಟು ಉಳಸ್ಯಾಳಂದ್ರ, ಹೊಲಾ ಅಕೀ ಕೈಯಾಗ ಇರಲಿ ಬಿಡು" ಎಂದರು.

"ಮುಂದಿನ ವರ್ಷ ನೋಡಾಕ ಬರ್ರಿ ಭಾವಾರ" ಎಂದಳು ಅತ್ತೆ.

ಅವಳನ್ನು ಕೊನೆಯ ಸಲ ಕಂಡದ್ದು ಆ ಹೊಲದಲ್ಲೇ, ನನ್ನ ಮದುವೆಯ ಮರುವರ್ಷ. ಮುಡಿಯಲು ಒಂದು ಚೆಂಡುಹೂವಿಗೆ ಕೈ ಚಾಚಿದೆ. ಮೆತ್ತಗೆ ಕೈಗೆ ಹೊಡೆದಳು. "ಅದನ್ನ ಮುಟ್ಟಬ್ಯಾಡ. ನಿನಗ ಪ್ಯಾಟಿ ಹೂ ತರಸ್ತೀನಿ." ಬಸ್ಸಿನ ಕಿಟಕಿಯಿಂದ ನೋಡಿದಾಗ ಅವಳು ಆ ಸಾಲಿನಲ್ಲಿ ಬಗ್ಗಿ, ಒಂದೊಂದೇ ಹೂವಿನ ಎಸಳು ಸರಿಸಿ ಹುಳು ಆರಿಸುತ್ತಿದ್ದಳು.