ಬುತ್ತಿ ತಂದ ಪ್ರತಿವಾದಿ

ಗಂಡ ಹೊಡೆದಿದ್ದರೆ ಅವಳಿಗೆ ಬಿಡುಗಡೆ ಸಿಗುತ್ತಿತ್ತು. ಆತ ಹೊಡೆಯಲಿಲ್ಲ, ಬೈಯಲಿಲ್ಲ, ಮನೆಯಿಂದ ಅಟ್ಟಲಿಲ್ಲ. ಅವಳ ದುರದೃಷ್ಟ ಅದೇ ಆಯಿತು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಗ ನಾನು ಅರಸೀಕೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಅವಳು ಅಲ್ಲಿಗೆ ಹೊಲಿಗೆ ಕಲಿಸಲು ಬಂದಳು. ಹಳೇಬೀಡಿನ ಬಸದಿಯ ಪಕ್ಕದ ಜೈನ ಮನೆತನವೊಂದರ ಸೊಸೆ. ಬುದ್ಧಿ ಬಲಿಯುವ ಮೊದಲೇ ಹಿರಿಯರು ಮದುವೆ ಮಾಡಿ ಮುಗಿಸಿದ್ದರು, ಮಕ್ಕಳಿರಲಿಲ್ಲ. ನನ್ನ ಬಾಡಿಗೆ ಮನೆಯಲ್ಲೇ ಅವಳಿಗೊಂದು ಕೋಣೆ ಬಿಟ್ಟುಕೊಟ್ಟಿದ್ದೆ.

“ಅವರು ಒಳ್ಳೇವ್ರೇ ಅಕ್ಕಾ,” ಎಂದಿದ್ದಳು ಒಮ್ಮೆ. “ಆದ್ರೆ ಆ ಮನೇಲಿ ನಾನು ನೆಂಟರ ಥರ ಇದ್ದೆ. ಅವರೂ ನನ್ ಮುಂದೆ ನೆಂಟರ ಥರಾನೇ ಇದ್ರು.”

ಇಬ್ಬರೂ ಕೂತು ಮಾತನಾಡಿ, ಬೇರೆಯಾಗುವುದೇ ಮೇಲೆಂದು ಒಪ್ಪಿಕೊಂಡಿದ್ದರು. ಹೊರಡುವ ದಿನ ಅವಳ ಟ್ರಂಕನ್ನು ಆತನೇ ಹೊತ್ತುತಂದು ಬಸ್ ಹತ್ತಿಸಿದ್ದ.

ನಮ್ಮ ಶಾಲೆಯ ಆಡಳಿತ ಸಮಿತಿಗೆ ಇದು ಸಹ್ಯವಾಗಲಿಲ್ಲ. ಹೆಂಡತಿಯರನ್ನು ಹೊಸ್ತಿಲು ದಾಟಲು ಬಿಡದ ಆ ಗಂಡಸರು ಅವಳಿಗೆ ಹೇಳಿಕಳುಹಿಸಿದರು: ಗಂಡನ ಮನೆಯಲ್ಲಿರಬೇಕು, ಇಲ್ಲವೇ ಕೋರ್ಟಿನ ಆಜ್ಞೆ ತರಬೇಕು, ಎರಡೂ ಇಲ್ಲದಿದ್ದರೆ ಬೇಸಗೆ ರಜೆಯ ನಂತರ ಕೆಲಸವಿಲ್ಲ. ನಮ್ಮ ಬೀದಿಯ ಕೊನೆಯಲ್ಲಿದ್ದ ದುಡಿಯುವ ಕುಲದ ಹೆಣ್ಣೊಬ್ಬಳು ಹಿರಿಯರ ಎದುರು ಎಲೆ ಅಡಿಕೆ ಇಟ್ಟು ಗಂಡನಿಂದ ಬಿಡಿಸಿಕೊಂಡು ಮಧ್ಯಾಹ್ನದ ಕೂಲಿಗೆ ಹೋಗಿದ್ದನ್ನು ನಾನೇ ಕಂಡಿದ್ದೆ. ಅವಳನ್ನು ಕೀಳೆಂದು ಮೂಗು ಮುರಿಯುತ್ತಿದ್ದ ಮನೆಗಳ ಹೆಣ್ಣುಮಕ್ಕಳಿಗೆ ಅಷ್ಟು ದಾರಿಯೂ ಇರಲಿಲ್ಲ. ಅವರಿಗಿದ್ದದ್ದು ಹೊಸ ವಿವಾಹ ಕಾಯಿದೆ ಮತ್ತು ಹಾಸನದ ಜಿಲ್ಲಾ ಕೋರ್ಟು.

ನಾವು ಕಂಡ ಮೊದಲ ವಕೀಲರು ಮಾತು ಮುಗಿಯುವವರೆಗೂ ಅವಳ ಚಿನ್ನದ ಬಳೆಗಳನ್ನೇ ನೋಡುತ್ತಿದ್ದರು. ಕೊನೆಗೆ ಹಾಸನದ ವೃದ್ಧ ವಕೀಲರೊಬ್ಬರು ಸ್ಟಾಂಪಿನ ಖರ್ಚು ಮಾತ್ರ ತೆಗೆದುಕೊಂಡು ನಡೆಸಿಕೊಡುವುದಾಗಿ ಒಪ್ಪಿದರು.

“ಯಾಕ್ರಮ್ಮಾ, ಹೊಡೀತಿದ್ರಾ?”

“ಇಲ್ಲ.”

“ಕುಡೀತಿದ್ರಾ?”

“ಅಯ್ಯೋ, ನಾವು ಜೈನರು ಸ್ವಾಮಿ! ಜೇನುತುಪ್ಪಾನೂ ಮುಟ್ಟಲ್ಲ.”

“ಮನೆಯಿಂದ ಓಡಿಸಿದ್ರಾ ಮತ್ತೆ?”

“ಟ್ರಂಕು ಹೊತ್ಕೊಂಡು ಬಂದು ಬಸ್ ಹತ್ತಿಸಿದ್ರು.”

ವಕೀಲರು ಪೆನ್ನು ಕೆಳಗಿಟ್ಟರು. “ತಾಯೀ, ಆ ಟ್ರಂಕಿನ ಮಾತು ಕೋರ್ಟಲ್ಲಿ ಎತ್ತಲೇಬೇಡಿ. ಇಬ್ಬರೂ ಒಪ್ಪಿ ಬೇರೆಯಾದ್ರಿ ಅಂದ್ರೆ ಕಾಯಿದೆ ಅದನ್ನ ಒಳಸಂಚು ಅನ್ನುತ್ತೆ. ಅವರು ನಿಮ್ಮನ್ನ ತೊರೆದ್ರು ಅಂತ ಬರೀತೀನಿ. ಅವರು ಕೋರ್ಟಿನ ಕಡೆ ತಲೆ ಹಾಕದಿದ್ರೆ ಸಾಕು. ಮೊದಲು ಬೇರೆ ಇರೋದಕ್ಕೆ ಆಜ್ಞೆ ಸಿಗುತ್ತೆ. ವಿಚ್ಛೇದನ ಆಮೇಲೆ.”

ಆ ವೃದ್ಧರು ಸಜ್ಜನರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಾಮಾಣಿಕರಿಬ್ಬರನ್ನು ಸುಳ್ಳು ಹೇಳದ ಹೊರತು ಒಳಗೆ ಬಿಡದ ಕಾಯಿದೆಯ ಮೇಲಿದೆ. ವಿಚಾರಣೆಯ ದಿನ ತಿಳಿಸಿ, ನೀವೇ ತೊರೆದಿರೆಂದು ಅರ್ಜಿಯಲ್ಲಿದೆ, ಕೋರ್ಟಿನೊಳಗೆ ಬರಬೇಡಿರೆಂದು ನಾನೇ ಆತನಿಗೆ ಕಾಗದ ಬರೆದೆ.

ವಿಚಾರಣೆಯ ದಿನ ಬೆಳಗಿನ ರೈಲಿಗೆ ಹೋದ ನಮ್ಮನ್ನು ಕೂಗಿದ್ದು ಸಂಜೆಯ ಹೊತ್ತಿಗೆ. ಅವಳು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ, ಗಂಡ ತನ್ನನ್ನು ತೊರೆದನೆಂದು ನೆಲ ನೋಡುತ್ತ ಹೇಳಿದಳು. ಅಷ್ಟರಲ್ಲಿ ಬಾಗಿಲ ಬಳಿ ಜವಾನನ ದನಿ ಕೇಳಿಸಿತು.

“ಈಗ ಆಗಲ್ಲ ಕಣ್ರೀ, ಕೇಸು ನಡೀತೈತೆ!”

“ಹೊತ್ತು ಮುಳುಗ್ತಾ ಬಂತಲ್ಲಪ್ಪ. ಇದೊಂದು ಅವಳ ಕೈಗೆ ಕೊಟ್ಬಿಡು.”

ಬಟ್ಟೆಯಲ್ಲಿ ಕಟ್ಟಿದ ಬುತ್ತಿ, ಸೋಸಿದ ನೀರಿನ ತಂಬಿಗೆ ಹಿಡಿದು ಆತ ನಿಂತಿದ್ದ. ನ್ಯಾಯಾಧೀಶರು ತಲೆಯೆತ್ತಿದರು. “ಯಾರಮ್ಮಾ ಅವರು?”

ಪ್ರಮಾಣ ಮಾಡಿದ್ದಳಲ್ಲ. “ನಮ್ಮ ಯಜಮಾನರು,” ಎಂದಳು.

ಕೋರ್ಟು ಗೊಳ್ಳೆಂದು ನಕ್ಕಿತು. ಆತನನ್ನು ಒಳಗೆ ಕರೆಸಿದರು.

“ಈಕೆಯನ್ನ ನೀವು ತೊರೆದಿದ್ದೀರಾ?”

“ಹೌದು ಸ್ವಾಮಿ,” ಎಂದ, ಒಪ್ಪಂದದಂತೆ.

“ಮತ್ತೆ ಊಟ ಯಾಕೆ ತಂದ್ರಿ?”

“ಕತ್ತಲಾದ ಮೇಲೆ ನಾವು ಉಣ್ಣೋ ಹಾಗಿಲ್ಲ ಸ್ವಾಮಿ. ರೈಲು ಅರಸೀಕೆರೆ ಸೇರೋದ್ರಲ್ಲಿ ರಾತ್ರಿ ಆಗುತ್ತೆ. ಬೆಳಗಿನಿಂದ ಉಪವಾಸ ಇರ್ತಾಳಲ್ಲ, ಅಂತ.”

ನಗು ಮತ್ತೂ ಜೋರಾಯಿತು. ಅರ್ಜಿ ಅಲ್ಲೇ ವಜಾ. “ಇಂಥ ಗಂಡನ್ನ ಬಿಟ್ಟು ಎಲ್ಲಿಗೆ ಹೋಗ್ತೀಯಮ್ಮಾ? ಮನೆಗೆ ನಡಿ,” ಎಂದು ನ್ಯಾಯಾಧೀಶರು ತಂದೆಯ ಗತ್ತಿನಲ್ಲಿ ಬುದ್ಧಿ ಹೇಳಿದರು. ಅವಳಿಗೆ ಏನು ಬೇಕೆಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಒಬ್ಬರ ಹಸಿವನ್ನು ಇನ್ನೊಬ್ಬರು ನೆನೆದದ್ದು ಅಲ್ಲಿ ಅಪರಾಧದ ಸಾಕ್ಷ್ಯವಾಯಿತು. ಇದನ್ನು ನಾನು ನ್ಯಾಯವೆಂದು ಕರೆಯಲಾರೆ; ನಾಗರಿಕತೆಯೆಂದೂ ಕರೆಯಲಾರೆ.

ಹೊರಗೆ ಹೊಂಗೆಮರದ ಬುಡದಲ್ಲಿ ಅವಳು ಗಬಗಬನೆ ಉಂಡಳು. ಆತ ತಂಬಿಗೆ ಹಿಡಿದು ನಿಂತಿದ್ದ. “ಕಾಗದ ಬಂದಿತ್ತು ಟೀಚರಮ್ಮಾ,” ಎಂದ ನನ್ನತ್ತ ತಿರುಗಿ. “ಒಳಗೆ ಬರಬೇಡಿ ಅಂದಿದ್ರಿ. ನಾನು ಬಾಗಿಲಲ್ಲೇ ಕೊಟ್ಟು ಹೋಗೋಣ ಅಂತಿದ್ದೆ.” ಅವಳು ಆತನನ್ನು ಬೈಯಲಿಲ್ಲ. ಬೈಯುವುದು ಅವರಿಬ್ಬರಿಗೂ ಬರುತ್ತಿರಲಿಲ್ಲ.

ಬೇಸಗೆ ರಜೆ ಮುಗಿದಾಗ ಸಮಿತಿ ಹೊಲಿಗೆ ಕಲಿಸಲು ಬೇರೊಬ್ಬರನ್ನು ನೇಮಿಸಿತು. ಸಮಿತಿಯವರ ಮನೆ ಮನೆಗೆ ಹೋಗಿ ನಾನು ಜಗಳವಾಡಿದೆ. ಒಬ್ಬರು ನನಗೂ ಮದುವೆ ಮಾಡಿಕೊಳ್ಳಲು ಸಲಹೆ ಕೊಟ್ಟರು. ನನ್ನ ಸಂಬಳದ ಹಂಗಿನಲ್ಲಿ ಉಳಿಯಲು ಅವಳು ಒಪ್ಪಲಿಲ್ಲ. ತವರಿನಲ್ಲಿ ಯಾರೂ ಉಳಿದಿರಲಿಲ್ಲ.

ಕರೆದೊಯ್ಯಲು ಆತನೇ ಬಂದ. ಅದೇ ಟ್ರಂಕನ್ನು ಹೆಗಲಿಗೇರಿಸಿ ಬಸ್ ನಿಲ್ದಾಣದವರೆಗೆ ನಮ್ಮ ಮುಂದೆ ನಡೆದ. ಹಳೇಬೀಡಿನ ಬಸ್ಸಿನ ಮೇಲೆ ಅದನ್ನು ಕಟ್ಟಿಸಿ, ಕೆಳಗಿಳಿದು, ಮುಖ ನೋಡದೆ ಹೇಳಿದ: “ನಿನ್ನ ಕೋಣೆ ಹಾಗೇ ಇದೆ.”

“ಗೊತ್ತು,” ಎಂದು ಅವಳು ಬಸ್ ಹತ್ತಿದಳು.