ದರ್ಯಾದ ನೆಲಮನೆ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಹೋದರೆ ಕೆರೆಯ ದಂಡೆಗೆ ಒಂದು ಹಳೇ ಕೋಠಿ ಇದೆ. ನಿಜಾಮರ ಕಾಲದ ಜಾಗೀರದಾರನೊಬ್ಬ ಬೇಸಿಗೆ ಕಳೆಯಲು ಕಟ್ಟಿಸಿದ್ದು. ಮುಂಬಯಿಯಲ್ಲಿ ಸಮುದ್ರ ನೋಡಿ ಬಂದವನಿಗೆ ಅದರದೇ ಹುಚ್ಚು ಹಿಡಿಯಿತಂತೆ. ನಮ್ಮ ಕಡೆ ಸಮುದ್ರ ಎಲ್ಲಿಂದ ತರುವುದು? ಕೆರೆಯನ್ನೇ ಅಗಲ ಮಾಡಿಸಿ, ಅದಕ್ಕೆ ಮುಖ ಮಾಡಿ ಏಳು ಕಮಾನಿನ ಪಡಸಾಲೆ ಕಟ್ಟಿಸಿ, ಮನೆಗೆ ‘ದರ್ಯಾ’ ಎಂದು ಹೆಸರಿಟ್ಟ. ಉರ್ದುವಿನಲ್ಲಿ ದರ್ಯಾ ಎಂದರೆ ಹೊಳೆ, ದೊಡ್ಡ ನೀರು. ನಮ್ಮವರ ಬಾಯಲ್ಲಿ ಮಾತ್ರ ಅದು ಆ ಮನೆಯ ಹೆಸರು. ದೊಡ್ಡವರ ಹುಚ್ಚಾಟ ಎಂದು ನಕ್ಕು ಬಿಡಬಹುದಿತ್ತು, ನಮ್ಮ ಮನೆಯವರು ಆ ಹೊಸಲು ದಾಟದೇ ಇದ್ದಿದ್ದರೆ.

ನನ್ನ ಅಜ್ಜಿ ಬೇಸಿಗೆಯಲ್ಲಿ ಅಲ್ಲಿನ ಲಾವಂಚದ ತಟ್ಟಿಗಳಿಗೆ ನೀರು ಚಿಮುಕಿಸುವ ಕೆಲಸ ಮಾಡುತ್ತಿದ್ದಳು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು: ದೊಡ್ಡವ್ವ, ನನ್ನ ಅವ್ವ. ದೊಡ್ಡವ್ವ ಎಂದು ನಾನು ಕರೆಯುವುದು ಏಳು ವರ್ಷದ ಹುಡುಗಿಯನ್ನು. ಅವ್ವನಿಗೆ ಆಗ ನಾಲ್ಕು.

ಮಳೆ ಶುರುವಾದ ದಿನ ಮಾಲೀಕರು ಬೀಗ ಹಾಕಿ, ಕೀಲಿ ಒಯ್ದು, ಹೈದರಾಬಾದಿಗೆ ಹೊರಟುಹೋದರು. ಸಂಜೆ ದೊಡ್ಡವ್ವ ಕಾಣಲಿಲ್ಲ. ಹೈದರಾಬಾದಿನ ಕಡೆಯಿಂದ ಹೊಸದಾಗಿ ಬಂದಿದ್ದ, ಉರ್ದು ಮಾತಿನ ಕಾವಲುಗಾರ ಅವ್ವನನ್ನು ಕೇಳಿದ. “ಅಕ್ಕ ದರ್ಯಾದಾಗ ಅದಾಳ,” ಎಂದಳು ಅವ್ವ. ಅವನಿಗೆ ಕೇಳಿಸಿದ್ದು ನೀರು. ಹುಡುಗಿ ಕೆರೆಗೆ ಬಿದ್ದಳೆಂದು ಕೂಗಿಕೊಂಡು ಓಡಿದ. ಊರೇ ಅವನ ಹಿಂದೆ ಓಡಿತು. ದಡದಲ್ಲಿ ನಿಂತು ಎಲ್ಲರೂ ಹೆಸರು ಹಿಡಿದು ಕರೆದರು, ಅವ್ವನೂ ಕರೆದಳು. ಆರನೆಯ ದಿನ ಯಾರಿಗೋ ಕೋಠಿಯ ಅಡಿಯಲ್ಲಿದ್ದ ತಂಪು ಕೋಣೆ, ನೆಲಮನೆ, ನೆನಪಾಯಿತು. ತಂಪಿಗೆಂದು ಇಳಿದು ನಿದ್ದೆಹೋದ ಮಗುವನ್ನು ನೋಡದೆ ಬಾಗಿಲು ಹಾಕಿದ್ದರು. ಬೀಗ ಒಡೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಹುಮನಾಬಾದಿನಲ್ಲಿ ಮನೆಗಳ ನಕ್ಷೆ ಬರೆದು ಬದುಕುವವಳು. ಹೋದ ಬೇಸಿಗೆ ಆ ಕೋಠಿಯನ್ನು ಕೊಂಡವರು ಬಂದು, ಮದುವೆ ಹಾಲ್ ಮಾಡಬೇಕು, ಅಳತೆ ತೆಗೆದುಕೊಡಿ ಎಂದರು. ಅವ್ವನಿಗೆ ಹೇಳಿದೆ. ಎಪ್ಪತ್ತು ದಾಟಿದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನೆಲಮನಿ ಬಾಗಲಾ ಒಳಗಿಂದ ತೆಗ್ಯಾಕ ಬರ್ತಿತ್ತೇನು, ಅಷ್ಟ ನೋಡ್ಕೊಂಡ್ ಬಾ.”

ಬರುತ್ತಿತ್ತು ಎಂದಾದರೆ, ಅಕ್ಕ ಸತ್ತದ್ದು ತಾನಾಡಿದ ಆ ಒಂದು ಮಾತಿನಿಂದಲ್ಲ ಎಂದು ಅವ್ವನಿಗೆ ಸಮಾಧಾನವಾದೀತು. ನಾನು ಹಾಗೆ ಅಂದುಕೊಂಡೆ.

ಕರಿಕಲ್ಲಿನ ಗೋಡೆ, ಎರಡು ಮೊಳ ದಪ್ಪ. ಹದಿಮೂರು ಮೆಟ್ಟಿಲು ಇಳಿದರೆ ನೆಲಮನೆ. ಮಟಮಟ ಮಧ್ಯಾಹ್ನದಲ್ಲೂ ಕೈಕಾಲು ತಣ್ಣಗಾದವು. ಮಲಗಿದಲ್ಲೇ ಅಲೆಯ ಸದ್ದು ಕೇಳಬೇಕೆಂದು ಜಾಗೀರದಾರ ಗೋಡೆಯೊಳಗೆ ಕೆರೆಯವರೆಗೂ, ಹೊರಗೆ ಬಾಯಿ ಅಗಲ, ಒಳಗೆ ಕಿರಿದಾದ ಮಣ್ಣಿನ ಕೊಳವೆ ಹಾಕಿಸಿದ್ದ. ಟೇಪು ಹಿಡಿಯಲು ಬಂದಿದ್ದ ಮೇಸ್ತ್ರಿ ಮೇಲೆ ದಡದಲ್ಲಿ ನಿಂತು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಒಂದೊಂದು ಅಕ್ಷರವೂ ನನ್ನ ಕಿವಿಯ ಪಕ್ಕದಲ್ಲೇ ಕೇಳಿತು. ನಾನು ಗಂಟಲು ಹರಿಯುವಂತೆ ಅವನನ್ನು ಕೂಗಿದೆ. ಮೇಲೆ ಬಂದು ಕೇಳಿದರೆ, “ಇಲ್ರೀ ಅಕ್ಕಾ, ಏನೂ ಕೇಳ್ಲಿಲ್ಲ,” ಎಂದ.

ದೊಡ್ಡವ್ವನಿಗೆ ಎಲ್ಲವೂ ಕೇಳಿಸಿತ್ತು. ಅವ್ವನ ದನಿಯೂ.

ಬಾಗಿಲಿಗೆ ಚಿಲಕ ಇದ್ದದ್ದು ಹೊರಗೆ ಮಾತ್ರ. ಒಳಮೈಯಲ್ಲಿ ನನ್ನ ಸೊಂಟದ ಎತ್ತರಕ್ಕೆ ಗೀರುಗಳು. ಇಲಿ ಇರಬೇಕು ಎಂದುಕೊಂಡೆ. ಅಷ್ಟೆತ್ತರಕ್ಕೆ ಯಾವ ಇಲಿ ಬರುತ್ತದೆ? ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು. ನೀರಿನ ಸದ್ದು ಒಳಗೆ ತರಲು ಅಷ್ಟು ತಲೆ ಓಡಿಸಿದ ಮಹಾರಾಯನಿಗೆ ಒಳಗೊಂದು ಚಿಲಕ ಹೊಳೆಯಲಿಲ್ಲವೇ? ಆ ಬಾಗಿಲ ಅಳತೆಯನ್ನು ನಾನು ಬರೆದುಕೊಳ್ಳಲಿಲ್ಲ.

ಮನೆಗೆ ಬಂದಾಗ ಅವ್ವ ಹೊರಗೇ ಕಾಯುತ್ತಿದ್ದಳು.

“ಒಳಗ ಚಿಲಕಾ ಅದಾ ಅವ್ವಾ. ಸಣ್ಣ ಕೂಸೂ ತೆಗೀಬಹುದು,” ಎಂದೆ. ಸುಳ್ಳು ಹೇಳಿ ನನ್ನ ಎದೆ ಹಗುರವಾಯಿತು.

ಅವ್ವ ನನ್ನ ಹೆಗಲ ಚೀಲ ಇಳಿಸಿಕೊಂಡಳು.

“ಹಂಗಾದ್ರ, ನಾ ಅಷ್ಟು ಕರದ್ರೂ ಆಕಿ ಯಾಕ ಬರ್ಲಿಲ್ಲ?”