ಇಪ್ಪತ್ತೆರಡಕ್ಕೇ ಆದ ಆಪರೇಷನ್

ನಾನು ಓದಿದ್ದು ಆರೋಗ್ಯ ಅರ್ಥಶಾಸ್ತ್ರ. ಮಗು ಯಾವಾಗ ಬೇಕು, ಯಾವಾಗ ಸಾಕು ಎಂದು ಮನೆಗಳಲ್ಲಿ ತೀರ್ಮಾನಿಸುವವರು ಯಾರು ಎಂದು ತಿಳಿಯಲು ಕೊಪ್ಪದಲ್ಲಿ ಬಾಡಿಗೆ ಕೋಣೆ ಹಿಡಿದು, ಸುತ್ತಲಿನ ಊರುಗಳ ಹೆಂಗಸರನ್ನು ಮಾತಾಡಿಸುತ್ತಿದ್ದೆ. ಹತ್ತಿರದ ನಾರ್ವೆ ಎಂಬ ಊರಿನಲ್ಲಿ ಅಡಿಕೆ ಸುಲಿಯುತ್ತಿದ್ದ ಒಬ್ಬಳು ನಾನು ಕೇಳಿದ್ದಕ್ಕೆಲ್ಲ ತಲೆಯೆತ್ತದೆ ಉತ್ತರಿಸಿ, ಕೊನೆಗೆ ತಾನೇ ಕೇಳಿದಳು.

"ಅಕ್ಕ, ಆಪರೇಷನ್ ಮಾಡ್ಸಿದ್ದನ್ನ ವಾಪಸ್ ಬಿಚ್ಚಿಸ್ಬಹುದಂತೆ, ಹೌದಾ?"

ಒಂದು ಗಂಡು, ಒಂದು ಹೆಣ್ಣು ಆದಮೇಲೆ, ಇಪ್ಪತ್ತೆರಡನೇ ವಯಸ್ಸಿಗೇ ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿತ್ತು. ಪಟ್ಟು ಹಿಡಿದು ಮಾಡಿಸಿದವರು ಅತ್ತೆ. ಹಿಂದಿನ ವರ್ಷ ಗಂಡುಮಗು ತೋಟದ ಹೊಂಡಕ್ಕೆ ಬಿದ್ದು ತೀರಿಕೊಂಡಿತ್ತು. ಅಲ್ಲಿಂದೀಚೆಗೆ ಗಂಡ ಅವಳೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ.

"ನಾನು ಡಾಕ್ಟರಲ್ಲ. ಆದರೆ ತೋರಿಸಿ ಬರೋಣ" ಎಂದೆ.

ಗಂಡ ಬರಲಿಲ್ಲ. ನಾವಿಬ್ಬರೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದಿದ್ದಳು. ವೈದ್ಯೆ ಪರೀಕ್ಷೆಗಳನ್ನೆಲ್ಲ ಮಾಡಿಸಿ ನೋಡಿ, ಗರ್ಭನಾಳವನ್ನು ತುಂಬಾ ಉದ್ದಕ್ಕೆ ಕತ್ತರಿಸಿ ತೆಗೆದಿದ್ದಾರೆ, ಉಳಿದದ್ದನ್ನು ಜೋಡಿಸಿದರೂ ಪ್ರಯೋಜನವಿಲ್ಲ ಎಂದು ಮೆಲ್ಲಗೆ ತಿಳಿಸಿದರು. ಅವಳು ಹೂಂಗುಟ್ಟಿದಳು ಅಷ್ಟೆ. ವಾಪಸು ಬರುವಾಗ ನರಸಿಂಹರಾಜಪುರದಲ್ಲಿ ಎಲ್ಲರೂ ಕಾಫಿಗೆ ಇಳಿದರು. ಅವಳು ಇಳಿಯಲಿಲ್ಲ.

"ಮನೇಲಿ ನೀವೇ ಹೇಳಿ ಅಕ್ಕ. ನಾ ಹೇಳಿದ್ರೆ ನಂಬಲ್ಲ."

ಹೇಳಿದೆ. ಗಂಡ ಎದ್ದು ಹೊರಗೆ ಹೋದ. ಅತ್ತೆ ಗೋಡೆಗೊರಗಿ ಕುಳಿತರು.

"ನನ್ನ ಎರಡನೇ ಹೆರಿಗೇಲಿ ನಾ ಸತ್ತೇ ಹೋಗ್ತಿದ್ದೆ ಮಾರಾಯ್ತಿ. ಇವಳಾದ್ರೂ ಉಳೀಲಿ ಅಂತ ಮಾಡ್ಸಿದ್ದು. ಹಿಂಗಾಗುತ್ತೆ ಅಂತ ಯಾರಿಗ್ ಗೊತ್ತಿತ್ತು?"

ಸೊಸೆ ಒಲೆಯ ಮುಂದಿದ್ದಳು. ತಿರುಗಿ ನೋಡಲಿಲ್ಲ. ಅಷ್ಟು ದಿನ ಊರೂರು ಸುತ್ತಿ ನಾನು ಕೇಳಿದ ಯಾವ ಪ್ರಶ್ನೆಯಲ್ಲೂ ಆ ಮುದುಕಿಯ ಹೆದರಿಕೆಗೆ ಜಾಗವಿರಲಿಲ್ಲ.

ಮುಂದಿನ ವರ್ಷದ ಸುಗ್ಗಿಗೆ ಮತ್ತೆ ಹೋದಾಗ ಮನೆಯಲ್ಲಿ ಅವಳೂ ಮಗಳೂ ಇಬ್ಬರೇ. ಗಂಡ ಭಂಡಿಗಡಿಯ ತೋಟವೊಂದರ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ.

"ಅತ್ತೆ ಎಲ್ಲಿ?" ಎಂದೆ.

"ಅಲ್ಲಿಗೇ ಹೋಗಿದಾರೆ, ಬಾಣಂತನಕ್ಕೆ. ಗಂಡು ಮಗುವಂತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಕೇಳಲು ಸುಲಭವಾಗುತ್ತಿತ್ತು.

"ಹೋಗ್ಬೇಡಿ ಅನ್ನಲಿಲ್ವಾ?"

"ಅನ್ನಲಿಲ್ಲ. ಬಾಣಂತಿಗೆ ಯಾರಾದ್ರೂ ಬೇಕಲ್ಲ." ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿದಳು. "ಒಂದು ಮಾತು ಹೇಳಿ ಕಳ್ಸಿದೀನಿ. ಮಕ್ಕಳು ದೊಡ್ಡವಾಗೋವರೆಗೆ ಅವಳಿಗೆ ಆಪರೇಷನ್ ಮಾತೆತ್ತಬೇಡಿ ಅಂತ."